ಕೃತಕ ಹೆಗಲು: ನೋವಿಲ್ಲದಾಗಲೂ ನೋಡಬೇಕಾದ ಎಲುಬು

ಇಷ್ಟಲಿಂಗವನ್ನು ವಾಮಕರದಲ್ಲಿರಿಸಿ ದೃಷ್ಟಿಯ ನೇರಕ್ಕೆ ಹಿಡಿಯುವಾಗ ಹೆಗಲು ಎಷ್ಟು ದುಡಿಯುತ್ತದೆಂಬುದು ಅದು ಕೆಟ್ಟವರಿಗೇ ಗೊತ್ತು. ಎಪ್ಪತ್ತು ದಾಟಿದ ಶರಣೆಯೊಬ್ಬರು ಎಡ ಹೆಗಲಿಗೆ ಕೃತಕ ಕೀಲು ಹಾಕಿಸಿಕೊಂಡು ಆರು ವರ್ಷ ಸುಖವಾಗಿ ಪೂಜೆ ಮಾಡಿಕೊಂಡಿದ್ದರು. ಕಳೆದ ವರ್ಷ ಸಣ್ಣ ನೋವು ಕಾಣಿಸಿದಾಗ ನನ್ನಲ್ಲಿಗೆ ಬಂದು, "ವಾತ ಇರಬೇಕ್ರಿ, ಏನಾರ ಎಣ್ಣಿ ಕೊಡ್ರಿ" ಎಂದರು. ಕೊನೆಯ ಎಕ್ಸ್-ರೇ ಯಾವಾಗ ಎಂದು ಕೇಳಿದೆ. ಶಸ್ತ್ರಚಿಕಿತ್ಸೆಯಾದ ವರ್ಷವೇ ಕೊನೆ. ಆಮೇಲೆ ನೋವಿಲ್ಲವೆಂದು ಹೋಗಿರಲಿಲ್ಲ.

ಸಾಮಾನ್ಯ ಕೃತಕ ಹೆಗಲಿನಲ್ಲಿ ತೋಳೆಲುಬಿನ ತುದಿಗೆ ಲೋಹದ ಗುಂಡನ್ನೂ ಹೆಗಲೆಲುಬಿನ ಗುಳಿಗೆ ಪ್ಲಾಸ್ಟಿಕ್ ಬಟ್ಟಲನ್ನೂ ಕೂಡಿಸುತ್ತಾರೆ. ಫ್ರಾನ್ಸಿನ ಪಾಲ್ ಗ್ರಾಮಾಂಟ್ 1985ರಲ್ಲಿ ಈ ಜೋಡಣೆಯನ್ನೇ ತಿರುಗುಮುರುಗು ಮಾಡಿ, ಹೆಗಲಿನ ಸ್ನಾಯುರಜ್ಜುಗಳು ಹರಿದವರಿಗೂ ತೋಳೆತ್ತುವ ದಾರಿ ತೋರಿದರು. ಹತ್ತು ವರ್ಷದ ಬಳಿಕವೂ ಹತ್ತರಲ್ಲಿ ಸುಮಾರು ಒಂಬತ್ತು ಕೀಲುಗಳು ಭದ್ರವಾಗಿ ಉಳಿದಿರುತ್ತವೆ. ಆದ್ದರಿಂದ ಅಂಜಿಕೆ ಬೇಡ.

ಆದರೆ ಎಲುಬು ಜೀವಂತ ಧಾತು. ಭಾರ ಹೊತ್ತಲ್ಲಿ ಬಲಿಯುತ್ತದೆ, ಭಾರ ತಪ್ಪಿದಲ್ಲಿ ಕೃಶವಾಗುತ್ತದೆ. ಜರ್ಮನಿಯ ಯೂಲಿಯಸ್ ವೂಲ್ಫ್ 1892ರಲ್ಲಿ ಇದನ್ನು ನಿಯಮವಾಗಿ ವಿವರಿಸಿದರು. ತೋಳೆಲುಬಿನೊಳಗಿನ ಲೋಹದ ಕಡ್ಡಿ ಭಾರವನ್ನು ತಾನೇ ಹೊತ್ತುಕೊಂಡಾಗ ಮೇಲ್ಭಾಗದ ಎಲುಬು ತೆಳುವಾಗುತ್ತದೆ. ಬಹುತೇಕರಿಗೆ ಇದರಿಂದ ತೊಂದರೆಯಿಲ್ಲ. ಮರುಶಸ್ತ್ರಚಿಕಿತ್ಸೆಯ ಪ್ರಸಂಗ ಬಂದರೆ ಮಾತ್ರ ಕಷ್ಟ. ಹೆಚ್ಚು ಚಿಂತೆಯದು ಬಟ್ಟಲಿನ ಕಡೆಯದು. ಸವೆದ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳನ್ನು ನುಂಗಲು ಬರುವ ರಕ್ಷಕ ಕೋಶಗಳು ಕೆರಳಿ, ಸುತ್ತಲಿನ ಎಲುಬನ್ನೇ ಕರಗಿಸುವ ಕ್ರಿಯೆಗೆ ಕಾರಣವಾಗುತ್ತವೆ. ಹಿಡಿತ ತಪ್ಪಿದ ಬಟ್ಟಲು ಅಲುಗತೊಡಗುತ್ತದೆ. ತಿರುಗುಮುರುಗು ಕೀಲಿನಲ್ಲಿ ಬಟ್ಟಲಿನ ಅಂಚು ಹೆಗಲೆಲುಬಿನ ಗುಳಿಯ ಕೆಳಭಾಗಕ್ಕೆ ತಾಗಿ ತಾಗಿ ಅಲ್ಲಿ ಕಚ್ಚು ಬೀಳುವುದುಂಟು. ಇವೆಲ್ಲ ಬಹುಕಾಲ ಸದ್ದಿಲ್ಲದೆ ನಡೆಯುತ್ತವೆ. ಇನ್ನು ಚರ್ಮದಲ್ಲೇ ವಾಸಿಸುವ ಒಂದು ಮಂದಗತಿಯ ಸೂಕ್ಷ್ಮಾಣು ಜ್ವರ, ಕೀವುಗಳ ಸುಳಿವಿಲ್ಲದೆ ವರ್ಷಗಳ ನಂತರವೂ ಕೀಲನ್ನು ಸಡಿಲಿಸಬಲ್ಲದು.

ಅಸ್ಥಿಯೇ ವಾತದ ನೆಲೆಯೆಂದು ವಾಗ್ಭಟಾಚಾರ್ಯರು ಹೇಳಿದ್ದಾರೆ. ನಾನೂ ನಿತ್ಯ ಅದೇ ತತ್ತ್ವದ ಮೇಲೆ ಚಿಕಿತ್ಸೆ ಮಾಡುವವನು. ಆದರೆ ಆಚಾರ್ಯರು ಲೋಹದ ಕೀಲನ್ನು ಕಂಡವರಲ್ಲ. ಸಡಿಲಗೊಂಡ ಬಟ್ಟಲನ್ನು ಯಾವ ತೈಲವೂ ಬಿಗಿಮಾಡದು. ಕೃತಕ ಕೀಲಿನಲ್ಲಿ ಹೊಸ ನೋವು ಬಂದಾಗ ತೋಳನ್ನು ಎಳೆಸಿಕೊಳ್ಳುವುದು, ಬಲವಾಗಿ ತಿಕ್ಕಿಸಿಕೊಳ್ಳುವುದು ಅಪಾಯಕರ. ನೋವಿಲ್ಲದಿದ್ದರೂ ಶಸ್ತ್ರವೈದ್ಯರು ಹೇಳಿದ ಅವಧಿಗೆ ಎಕ್ಸ್-ರೇ ತೆಗೆಸಬೇಕು, ಹಳೆಯ ಎಕ್ಸ್-ರೇಗಳನ್ನು ಜತೆಗೊಯ್ಯಬೇಕು. ಹಳೆಯದರ ಪಕ್ಕದಲ್ಲಿಟ್ಟಾಗಲೇ ಹೊಸ ಗೆರೆ ಕಣ್ಣಿಗೆ ಬೀಳುತ್ತದೆ. ದಾಸೋಹದ ಪಂಕ್ತಿಯಿಂದ ಏಳುವಾಗ ಅಂಗೈಯನ್ನು ಬೆನ್ನ ಹಿಂದೆ ನೆಲಕ್ಕೂರಿ ಮೈಭಾರವನ್ನೆಲ್ಲ ಆ ಹೆಗಲಿಗೆ ಹಾಕುವ ರೂಢಿ ನಮ್ಮಲ್ಲಿದೆ. ಕೃತಕ ಹೆಗಲಿದ್ದವರು ಕುರ್ಚಿಯ ಮೇಲೆ ಪ್ರಸಾದ ಸ್ವೀಕರಿಸಿದರೆ ಯಾವ ನ್ಯೂನತೆಯೂ ಇಲ್ಲ.

ಆ ಶರಣೆಯ ಎಕ್ಸ್-ರೇಯಲ್ಲಿ ಬಟ್ಟಲಿನ ಸುತ್ತ ಕಪ್ಪು ಗೆರೆ ಮೂಡಿತ್ತು. ಹೊಸ ಕೀಲು ಕೂರಿಸಲು ಬೇಕಾದಷ್ಟು ಎಲುಬು ಇನ್ನೂ ಉಳಿದಿದ್ದರಿಂದ ಮರುಶಸ್ತ್ರಚಿಕಿತ್ಸೆ ಸಾಧ್ಯವಾಯಿತು. ಈಗ ಅವರು ಮಡಿಲಲ್ಲಿ ಎರಡು ದಿಂಬುಗಳನ್ನಿರಿಸಿ, ಮೊಳಕೈಯನ್ನು ಅವುಗಳ ಮೇಲೂರಿ ಲಿಂಗಪೂಜೆ ಮಾಡುತ್ತಿದ್ದಾರೆ. ಮುಂದಿನ ಎಕ್ಸ್-ರೇಯ ದಿನಾಂಕವನ್ನು ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಂಡಿದ್ದಾರೆ.