ಹೊಟ್ಟೆಗೂ ಒಂದು ಹೊತ್ತು ಕೊಡಿ

ತಲೆನೋವು ಬಂದರೆ ಪಕ್ಕದ ಮನೆಯವರಿಗೂ ಹೇಳುತ್ತೇವೆ. ಮೊಣಕಾಲು ನೋವಿನ ಬಗ್ಗೆ ಮದುವೆ ಮನೆಯಲ್ಲೂ ಮಾತಾಡುತ್ತೇವೆ. ಆದರೆ ‘ಮೂರು ದಿನದಿಂದ ಹೊಟ್ಟೆ ಸಾಫ್ ಆಗಿಲ್ಲ’ ಎಂದು ಗಂಡನ ಹತ್ತಿರ ಹೇಳಲೂ ನಾಚಿಕೆ. ನಿಮಗೂ ಹೀಗೇ ಅಲ್ಲವೇ?

ನಂದಗಡದ ತವರಿನಿಂದ ಮದುವೆಯಾಗಿ ಬೆಳಗಾವಿಗೆ ಬಂದ ಮೇಲೆ ನನಗೆ ಬೆಳಗಿನ ಹೊತ್ತು ಎಂಬುದೇ ಉಳಿಯಲಿಲ್ಲ. ಐದೂವರೆಗೆ ಎದ್ದರೆ ನೀರು ತುಂಬುವುದು, ಚಹಾ, ಮಕ್ಕಳ ಡಬ್ಬಿ, ಯಜಮಾನರ ಡಬ್ಬಿ. ಹೋಗಬೇಕು ಅನಿಸಿದರೂ ‘ಎಲ್ಲರೂ ಹೊರಡಲಿ, ಆಮೇಲೆ ನೋಡೋಣ’ ಎಂದು ತಡೆದುಕೊಳ್ಳುತ್ತಿದ್ದೆ. ಆಮೇಲೆ ಅನಿಸುತ್ತಲೇ ಇರಲಿಲ್ಲ! ನಾಲ್ಕು ದಿನ ಮಲಬದ್ಧತೆ, ಐದನೇ ದಿನ ಭೇದಿ, ಸದಾ ಹೊಟ್ಟೆ ಉಬ್ಬರ. ತವರಿನ ಬಸ್ ಹತ್ತಲೂ ಹೆದರಿಕೆ. ಖಾನಾಪುರ ಬರುವ ಮೊದಲೇ ಅರ್ಜೆಂಟ್ ಆದರೆ ಏನು ಗತಿ? ಅಂಗಡಿಯಿಂದ ತಂದ ಚೂರ್ಣ ಮೊದಲು ಒಂದು ಚಮಚ ಸಾಕಾಗುತ್ತಿತ್ತು, ಎರಡು ವರ್ಷದಲ್ಲಿ ಎರಡು ಚಮಚಕ್ಕೆ ಬಂತು.

ಕೊನೆಗೆ ಆಯುರ್ವೇದ ವೈದ್ಯರ ಬಳಿ ಹೋದೆ. ಅವರು ಮೊದಲು ರಕ್ತ, ಮಲದ ಪರೀಕ್ಷೆ ಮಾಡಿಸಿ, ಗಾಬರಿಪಡುವಂಥದ್ದು ಇಲ್ಲ, ಇದು ಐ.ಬಿ.ಎಸ್. ಎಂದರು. ನಂತರ ಕೇಳಿದ್ದು ಒಂದೇ ಪ್ರಶ್ನೆ: “ಅಲ್ರಿ ಅಕ್ಕಾರ, ಬಂದಾಗ ಯಾಕ ತಡಕೋತೀರಿ?”

ಚರಕ ಸಂಹಿತೆಯಲ್ಲಿ ತಡೆಯಬಾರದ 13 ವೇಗಗಳನ್ನು ಹೇಳಿದೆ. ಹಸಿವು, ಬಾಯಾರಿಕೆ, ನಿದ್ದೆ, ಸೀನು, ಕಣ್ಣೀರಿನ ಜೊತೆಗೆ ಮಲವೂ ಅದರಲ್ಲಿ ಸೇರಿದೆ. ಮಲವನ್ನು ತಡೆದರೆ ತಲೆನೋವು, ಹೊಟ್ಟೆ ಉಬ್ಬರ, ಮೀನಖಂಡದ ಸೆಳೆತ ಬರುತ್ತದೆ ಎಂದೂ ಇದೆ. ಮತ್ತೆ ಮತ್ತೆ ತಡೆದರೆ ಕರುಳು ಕರೆಯುವುದನ್ನೇ ಕಡಿಮೆ ಮಾಡುತ್ತದೆ ಎಂದು ಇಂದಿನ ವೈದ್ಯರೂ ಹೇಳುತ್ತಾರೆ.

ಬೆಳಗಿನ ಹತ್ತು ನಿಮಿಷ

ಎದ್ದ ಕೂಡಲೇ ಒಂದು ಲೋಟ ಬೆಚ್ಚಗಿನ ನೀರು ಕುಡಿಯಿರಿ. ದಿನವೂ ಅದೇ ಹೊತ್ತಿಗೆ ಹತ್ತು ನಿಮಿಷ ಕುಳಿತುಕೊಳ್ಳಿ, ಮುಕ್ಕಬೇಡಿ. ಆಗದಿದ್ದರೆ ನಾಷ್ಟಾ ಆದ ಮೇಲೆ ಮತ್ತೊಮ್ಮೆ ಪ್ರಯತ್ನಿಸಿ. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಕಮೋಡ್ ಇದ್ದರೆ ಕಾಲ ಕೆಳಗೆ ಚಿಕ್ಕ ಮಣೆ ಇಟ್ಟುಕೊಳ್ಳಿ.

ಊಟದ ವಿಚಾರ

ಎಲ್ಲರದ್ದೂ ಮುಗಿದ ಮೇಲೆ ಮೂರು ಗಂಟೆಗೆ ಉಣ್ಣುವ ಚಟ ಬಿಡಿ. ಊಟ ನಿಗದಿತ ಹೊತ್ತಿಗೇ ಆಗಲಿ. ಮಲಬದ್ಧತೆ ಇದ್ದವರಿಗೆ ಜೋಳದ ರೊಟ್ಟಿ, ಮೆಂತ್ಯ ಸೊಪ್ಪಿನ ಪಲ್ಯ, ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ ಒಳ್ಳೆಯದು. ಜೊತೆಗೆ ಸಾಕಷ್ಟು ನೀರು ಬೇಕು. ಭೇದಿ ಆಗುವ ದಿನ ಹಳೆ ಅಕ್ಕಿಯ ಗಂಜಿ, ಹೆಸರುಬೇಳೆ ಖಿಚಡಿ, ದಾಳಿಂಬೆ ಸಾಕು.

ಹದಿನೈದು ದಿನ ತಿಂದದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದಿಡಿ. ಭಾನುವಾರದ ಮಿಸಳ್, ಅದರ ಮೇಲೊಂದಿಷ್ಟು ಕುಂದಾ ನನ್ನ ಸೋಮವಾರವನ್ನು ಕೆಡಿಸುತ್ತಿದ್ದವು ಎಂದು ನನಗೆ ಗೊತ್ತಾದದ್ದು ಹಾಗೆ. ನಿಮ್ಮ ಶತ್ರು ಬೇರೆಯೇ ಇರಬಹುದು.

ಮಜ್ಜಿಗೆ ಮರೆಯಬೇಡಿ

ಗ್ರಹಣಿ ರೋಗಕ್ಕೆ ಚರಕರು ಬಹಳ ಹೊಗಳಿದ್ದು ಮಜ್ಜಿಗೆಯನ್ನು. ಹುಳಿಯಾಗದ ಅರ್ಧ ಬಟ್ಟಲು ಮೊಸರಿಗೆ ಮೂರು ಪಟ್ಟು ನೀರು ಹಾಕಿ ಕಡೆದು, ಬೆಣ್ಣೆ ತೆಗೆದು, ಹುರಿದ ಜೀರಿಗೆ ಪುಡಿ, ಚಿಟಿಕೆ ಸೈಂಧವ ಉಪ್ಪು ಸೇರಿಸಿ. ಮಧ್ಯಾಹ್ನದ ಊಟದ ಜೊತೆ ಕುಡಿಯಿರಿ. ಬಿ.ಪಿ. ಇದ್ದವರು ಉಪ್ಪು ಬಿಡಿ. ರಾತ್ರಿ ಮೊಸರು ಬೇಡ.

ಚೂರ್ಣದ ಡಬ್ಬಿ ತಿರುಗಿಸಿ ನೋಡಿ

‘ಆಯುರ್ವೇದ’ ಎಂದು ಬರೆದ ಮಾತ್ರಕ್ಕೆ ದಿನಾ ನುಂಗಬೇಡಿ. ಬಹಳಷ್ಟು ಚೂರ್ಣಗಳಲ್ಲಿ ಸೋನಾಮುಖಿ ಇರುತ್ತದೆ. ಅದು ಕರುಳನ್ನು ಕೆರಳಿಸಿ ಕೆಲಸ ಮಾಡಿಸುತ್ತದೆ; ತಿಂಗಳುಗಟ್ಟಲೆ ತಾನೇ ತೆಗೆದುಕೊಳ್ಳುವ ಔಷಧವಲ್ಲ. ಅಳಲೆ, ತಾರೆ, ನೆಲ್ಲಿ ಸೇರಿದ ತ್ರಿಫಲವನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಬೆಳಗಾವಿಯ ಶಹಾಪುರದಲ್ಲಿ 1933ರಲ್ಲಿ ಶುರುವಾದ ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದ ಆಸ್ಪತ್ರೆಯೇ ಇದೆ.

ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಅಥವಾ 45 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ ಇದ್ದರೆ ಮನೆಮದ್ದು ಮಾಡುತ್ತ ಕೂಡಬೇಡಿ. ‘ಮೂಲವ್ಯಾಧಿ ಇರಬೇಕು’ ಎಂದು ನಾವೇ ತೀರ್ಮಾನಿಸುವುದೂ ಬೇಡ. ತಕ್ಷಣ ಡಾಕ್ಟರಿಗೆ ತೋರಿಸಿ.

ನನ್ನ ತೊಂದರೆ ಪೂರ್ತಿ ಹೋಗಿದೆ ಎಂದು ಹೇಳಲಾರೆ. ತಿಂಗಳಿಗೊಮ್ಮೆ ಇಣುಕುತ್ತದೆ. ಆದರೆ ನಂದಗಡದ ಬಸ್ಸನ್ನು ಹೆದರದೆ ಹತ್ತುತ್ತೇನೆ. ಅವ್ವನ ಹತ್ತಿರ ಎಲ್ಲ ಹೇಳಿಕೊಂಡ ದಿನ ಆಕೆ ಅಂದಿದ್ದಳು: “ಮನಿ ಮಂದಿಗೆಲ್ಲಾ ಹೊತ್ತ ಐತಿ, ನಿನಗಷ್ಟ ಇಲ್ಲೇನ?” ಅದನ್ನೇ ಯಜಮಾನರಿಗೂ ಹೇಳಿದೆ. ಈಗ ಅವರ ಡಬ್ಬಿ ಅವರೇ ತುಂಬಿಕೊಳ್ಳುತ್ತಾರೆ.

ನಾಳೆ ಬೆಳಿಗ್ಗೆ ಹೋಗಬೇಕು ಅನಿಸಿದಾಗ ಒಲೆಯ ಮೇಲೆ ಏನೇ ಇರಲಿ, ಗ್ಯಾಸ್ ಆರಿಸಿ ಹೋಗಿ. ಚಹಾ ಹತ್ತು ನಿಮಿಷ ತಡವಾದರೆ ಮನೆಯವರಿಗೆ ಏನೂ ಆಗುವುದಿಲ್ಲ.