ಚಹಾಕ್ಕೆ ಹೆಪ್ಪು

ರಾತ್ರಿ ಮಲಗುವ ಮುನ್ನ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟು ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು. ಈ ಕೆಲಸವನ್ನು ನಾವು ಎಷ್ಟು ಸಲ ಮಾಡಿದ್ದೇವೆಂದರೆ, ಇದರಲ್ಲಿ ಒಂದು ವಿಸ್ಮಯ ಅಡಗಿದೆ ಎಂಬುದೇ ಮರೆತುಹೋಗಿದೆ. ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳನ್ನು ಅಡುಗೆಮನೆಯ ಮೂಲೆಯಲ್ಲಿ ಸಾಕಿಕೊಂಡು, ದಿನದಿನವೂ ಅವಕ್ಕೆ ಉಣಿಸಿ, ಅವುಗಳ ದುಡಿಮೆಯಿಂದ ನಾವು ಉಣ್ಣುವ ವಿದ್ಯೆ ಅದು. ಇಡ್ಲಿಯ ಹಿಟ್ಟು ಉಬ್ಬುವುದೂ ಇದೇ ವಿದ್ಯೆಯಿಂದ. ಆದರೆ ಹಾಲಿಗೆ ಹಾಕುವಂತೆ ಚಹಾಕ್ಕೂ ಹೆಪ್ಪು ಹಾಕಬಹುದು ಎಂದರೆ ಅನೇಕರು ನಕ್ಕಾರು.

ಹಾಕಬಹುದು. ಹಾಗೆ ಹುಳಿಬರಿಸಿದ ಸಿಹಿ ಚಹಾಕ್ಕೆ ಕೊಂಬುಚಾ ಎಂದು ಹೆಸರು. ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ನಾಲಿಗೆಯ ಮೇಲೆ ಸೋಡಾದಂತೆ ಸಣ್ಣಗೆ ಚುರುಗುಟ್ಟುವ ತಂಪು ಪಾನೀಯ ಅದು. ಬೆಂಗಳೂರಿನಂಥ ನಗರಗಳ ಅಂಗಡಿಗಳಲ್ಲಿ ಈಗ ಸೀಸೆಗಳಲ್ಲಿ ದೊರೆಯುತ್ತದೆ. ಬೆಲೆಯನ್ನು ಕೇಳಿದ ಗೃಹಿಣಿ ‘ಇದನ್ನು ಮನೆಯಲ್ಲೇ ಏಕೆ ಮಾಡಿಕೊಳ್ಳಬಾರದು?’ ಎಂದುಕೊಳ್ಳುವುದು ಸಹಜ. ಮಾಡಿಕೊಳ್ಳಬಹುದು; ಕಷ್ಟವೇನೂ ಇಲ್ಲ. ಆದರೆ ಮೊಸರಿನ ವಿಷಯದಲ್ಲಿ ನಮ್ಮ ಕೈಗೆ ತಲೆಮಾರುಗಳ ಪಳಗಿಕೆಯಿದೆ. ಕಾರಣ ಗೊತ್ತಿಲ್ಲದಿದ್ದರೂ ಕೈ ತಪ್ಪುವುದಿಲ್ಲ. ಕೊಂಬುಚಾದ ವಿಷಯದಲ್ಲಿ ನಮಗೆ ಅಜ್ಜಿಯರ ಮಾರ್ಗದರ್ಶನವಿಲ್ಲ. ಆದ್ದರಿಂದ ಕಾರಣವನ್ನು ತಿಳಿದೇ ಕೈಹಾಕಬೇಕು.

ಈ ಪಾನೀಯದ ತವರು ಈಶಾನ್ಯ ಚೀನ, ಎಂದರೆ ಮಂಚೂರಿಯ ಸೀಮೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಸಾವಿರಾರು ವರ್ಷಗಳ ಹಿಂದಿನ ಚಕ್ರವರ್ತಿಗಳ ಹೆಸರು ಜೋಡಿಸಿದ ಕಥೆಗಳೂ ಉಂಟು. ಅವನ್ನು ಕಥೆಗಳೆಂದೇ ಕೇಳಬೇಕು. ರಷ್ಯದಲ್ಲಿ ಮಾತ್ರ ಇದು ಮನೆಮಾತಾಗಿತ್ತು. ಅಲ್ಲಿನವರು ಇದನ್ನು ‘ಚಾಯ್ನಿ ಗ್ರಿಬ್’, ಎಂದರೆ ಚಹಾದ ಅಣಬೆ ಎಂದು ಕರೆದರು. ಸೋವಿಯತ್ ಕಾಲದ ಅಡುಗೆಮನೆಗಳಲ್ಲಿ ಮೂರು ಲೀಟರಿನ ಗಾಜಿನ ಭರಣಿ, ಅದರ ಬಾಯಿಗೆ ಕಟ್ಟಿದ ತೆಳುಬಟ್ಟೆ, ಒಳಗೆ ತೇಲುವ ಕಂದುಬಣ್ಣದ ಬಿಲ್ಲೆ ಪರಿಚಿತ ನೋಟವಾಗಿದ್ದವು. ಹೆಸರಿನಲ್ಲಿ ಒಂದು ತಮಾಷೆಯೂ ಇದೆ. ಜಪಾನಿನಲ್ಲಿ ಕೊಂಬುಚಾ ಎಂದರೆ ‘ಕೊಂಬು’ ಎಂಬ ಕಡಲಪಾಚಿಯಿಂದ ಮಾಡಿದ ಬೇರೆಯೇ ಒಂದು ಪಾನೀಯ. ನಾವು ಮಾತನಾಡುತ್ತಿರುವ ಹುಳಿ ಚಹಾಕ್ಕೆ ಅಲ್ಲಿಯವರು ‘ಕೋಚಾ ಕಿನೊಕೊ’ ಎನ್ನುತ್ತಾರೆ. ಅದರ ಅರ್ಥವೂ ಚಹಾದ ಅಣಬೆಯೆಂದೇ.

ಆದರೆ ಭರಣಿಯಲ್ಲಿ ತೇಲುವ ಆ ಬಿಲ್ಲೆ ಅಣಬೆಯಲ್ಲ. ಸೆಟ್‌ದೋಸೆಯಂತೆ ದುಂಡಗೆ, ಮುಟ್ಟಿದರೆ ತೊಗಲಿನಂತೆ ಜಾರುವ ಈ ವಸ್ತು ಒಂದು ಬಗೆಯ ಬ್ಯಾಕ್ಟೀರಿಯ ನೇಯ್ದ ಹಚ್ಚಡ. ಇಂಥ ಬ್ಯಾಕ್ಟೀರಿಯ ಹುಳಿದ್ರವದ ಮೇಲೆ ಹೆಣೆಯುವ ಪದರವು ಹತ್ತಿಯ ನೂಲಿನಲ್ಲಿರುವ ಸೆಲ್ಯುಲೋಸೇ ಎಂಬುದನ್ನು 1886ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಏಡ್ರಿಯನ್ ಜಾನ್ ಬ್ರೌನ್ ತೋರಿಸಿಕೊಟ್ಟ. ಈ ಬ್ಯಾಕ್ಟೀರಿಯದ ಜೊತೆಗೆ ಅದೇ ದ್ರವದಲ್ಲಿ ಯೀಸ್ಟ್ ಎಂಬ ಹುದುಗಿನ ಜೀವಿಗಳೂ ವಾಸಿಸುತ್ತವೆ. ಇವೆರಡೂ ಒಂದೇ ಮನೆಯ ಕೂಡುಕುಟುಂಬ. ನಾವು ಹಾಕಿದ ಸಕ್ಕರೆಯನ್ನು ಯೀಸ್ಟ್ ಒಡೆಯುತ್ತದೆ. ಅದರಿಂದ ಸ್ವಲ್ಪ ಮದ್ಯಸಾರವೂ ಇಂಗಾಲಾಮ್ಲ ಅನಿಲವೂ ಹುಟ್ಟುತ್ತವೆ. ಆ ಮದ್ಯಸಾರವನ್ನು ಬ್ಯಾಕ್ಟೀರಿಯ ಗಾಳಿಯ ಸಹಾಯದಿಂದ ಅಸಿಟಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ವಿನಿಗರಿನ ಹುಳಿ ಇದೇ ಆಮ್ಲದ್ದು. ಒಬ್ಬರ ಎಂಜಲು ಇನ್ನೊಬ್ಬರಿಗೆ ಊಟ. ಹೀಗೆ ಸಕ್ಕರೆ ಇಳಿಯುತ್ತ, ಹುಳಿ ಏರುತ್ತ ಹೋಗುತ್ತದೆ.

ಈ ಹುಳಿಯೇ ಇಡೀ ವ್ಯವಹಾರದ ಕಾವಲುಗಾರ. ಸಿಹಿ ಚಹಾ ಎಂದರೆ ಎಲ್ಲ ಬಗೆಯ ಸೂಕ್ಷ್ಮಜೀವಿಗಳಿಗೂ ಔತಣ. ಅದನ್ನು ಒಂದು ವಾರ ಹಾಗೆಯೇ ತೆರೆದಿಟ್ಟರೆ ಬೂಷ್ಟು ಹಿಡಿಯದೆ ಇರದು. ಕೊಂಬುಚಾಕ್ಕೆ ಬೂಷ್ಟು ಹಿಡಿಯದಿರುವುದು ಅದು ಹುಳಿಯಾಗಿರುವುದರಿಂದ. ಆದರೆ ಮೊದಲ ಮೂರು ನಾಲ್ಕು ದಿನ, ಹೊಸ ಹುಳಿ ಹುಟ್ಟುವ ಮೊದಲು, ಕಾವಲು ಯಾರದು? ಹಿಂದಿನ ಸಲದ ಹುಳಿ ಚಹಾದ್ದು. ಅದಕ್ಕಾಗಿಯೇ ಹೊಸ ಚಹಾಕ್ಕೆ ಹಳೆಯ ಹುಳಿ ಚಹಾವನ್ನು ಕನಿಷ್ಠ ಹತ್ತರಲ್ಲಿ ಒಂದು ಪಾಲು ಸೇರಿಸಬೇಕು. ಮೊದಲಬಾರಿ ಮಾಡುವವರು ಎಂಟರಲ್ಲಿ ಒಂದು ಪಾಲು ಸೇರಿಸುವುದು ಮೇಲು.

ಇಲ್ಲಿಯೇ ನಾನು ಎಡವಿದ್ದು. ಸ್ನೇಹಿತರೊಬ್ಬರು ಕೊಟ್ಟ ಬಿಲ್ಲೆಯನ್ನು ನಿಧಿಯಂತೆ ಮನೆಗೆ ತಂದು, ಅದರ ಸುತ್ತಲಿದ್ದ ಕಂದು ನೀರನ್ನು ಬಚ್ಚಲಿಗೆ ಚೆಲ್ಲಿ, ಬಿಲ್ಲೆಯನ್ನು ಶುದ್ಧವಾಗಿ ತೊಳೆದು ಹೊಸ ಚಹಾದಲ್ಲಿ ಬಿಟ್ಟೆ. ಐದನೆಯ ದಿನ ಅದರ ಮೇಲೆ ಹಸಿರು ಬೂಷ್ಟು! ಬಿಲ್ಲೆಯೇ ಹೆಪ್ಪು, ನೀರು ಕೊಳೆ ಎಂದು ನಾನು ತಿಳಿದಿದ್ದೆ. ನಿಜ ಸಂಗತಿ ತಿರುಗುಮುರುಗು. ಒಳ್ಳೆಯ ಹುಳಿನೀರಿದ್ದರೆ ಬಿಲ್ಲೆ ಇಲ್ಲದೆಯೂ ಕೊಂಬುಚಾ ಆಗುತ್ತದೆ. ಹೊಸ ಬಿಲ್ಲೆ ತಾನಾಗಿ ಕಟ್ಟಿಕೊಳ್ಳುತ್ತದೆ. ಹುಳಿನೀರಿಲ್ಲದ ಬಿಲ್ಲೆ ಮಾತ್ರ ಕಾವಲಿಲ್ಲದ ತೋಟ.

ಇನ್ನು ಮಾಡುವ ಕ್ರಮ. ಹುಳಿನೀರು ಮತ್ತು ಬಿಲ್ಲೆಯನ್ನು ಈಗಾಗಲೇ ಮಾಡುತ್ತಿರುವ ಪರಿಚಿತರಿಂದ ಪಡೆಯುವುದು ಸುಲಭ. ಅದು ಸಾಧ್ಯವಿಲ್ಲದಿದ್ದರೆ, ಹಣ್ಣಿನ ರಸ ಬೆರೆಸದ, ಕಾಯಿಸಿ ಜೀವಾಣುಗಳನ್ನು ಕೊಲ್ಲದ ಕೊಂಬುಚಾವನ್ನು ಅಂಗಡಿಯಿಂದ ಕೊಂಡು, ಅದನ್ನೇ ಹೆಪ್ಪಾಗಿ ಬಳಸಬಹುದು. ಆಗ ಬಿಲ್ಲೆ ಕಟ್ಟಲು ಎರಡು ಮೂರು ವಾರಗಳಾದರೂ ತಾಳ್ಮೆ ಬೇಕು.

ಎರಡು ಲೀಟರ್ ಕೊಂಬುಚಾಕ್ಕೆ ಬೇಕಾದವು ಇಷ್ಟು: ನೀರು ಒಂದು ಮುಕ್ಕಾಲು ಲೀಟರ್, ಚಹಾಪುಡಿ 10 ಗ್ರಾಂ, ಸಕ್ಕರೆ 150 ಗ್ರಾಂ, ಹುಳಿನೀರು ಕಾಲು ಲೀಟರ್, ಇದ್ದರೆ ಒಂದು ಬಿಲ್ಲೆ. ಚಹಾಪುಡಿ ಸಾದಾ ಆಗಿರಬೇಕು. ಏಲಕ್ಕಿ, ಮಸಾಲೆ, ಸುಗಂಧತೈಲ ಬೆರೆತದ್ದು ಬೇಡ. ಹಾಲಂತೂ ಸೇರಲೇಕೂಡದು. ಸಕ್ಕರೆಯನ್ನು ಕಡಿಮೆ ಮಾಡಬೇಡಿ. ಅದರ ಬಹುಪಾಲು ನಿಮಗಲ್ಲ, ಭರಣಿಯ ಸಂಸಾರಕ್ಕೆ. ಬೆಲ್ಲದ ಪ್ರಯೋಗವನ್ನು ಕೈ ಪಳಗಿದ ಮೇಲೆ ಇಟ್ಟುಕೊಳ್ಳಿ.

ಪಾತ್ರೆ ಮೂರು ಲೀಟರ್ ಹಿಡಿಯುವ, ಅಗಲ ಬಾಯಿಯ ಗಾಜಿನ ಭರಣಿಯಾಗಿರಲಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನು ಹುಳಿ ತಿನ್ನುತ್ತದೆ. ಅಟ್ಟದ ಮೇಲಿನ ಹಳೆಯ ಬಣ್ಣದ ಪಿಂಗಾಣಿ ಜಾಡಿಯನ್ನೂ ಇಳಿಸಬೇಡಿ. ಕೆಲವು ಜಾಡಿಗಳ ಹೊಳಪಿನ ಲೇಪದಲ್ಲಿ ಸೀಸವಿರುವುದುಂಟು. ಅಂಥ ಜಾಡಿಯಲ್ಲಿ ಕೊಂಬುಚಾ ಮಾಡಿ ಕುಡಿದು ಸೀಸದ ವಿಷಕ್ಕೆ ತುತ್ತಾದವರ ಸಂಗತಿಯನ್ನು 1998ರಲ್ಲಿ ಆಸ್ಟ್ರೇಲಿಯದ ವೈದ್ಯರು ವರದಿ ಮಾಡಿದ್ದಾರೆ.

ಭರಣಿಯನ್ನು ಸೋಪಿನಿಂದ ತೊಳೆದು, ಸೋಪಿನ ಅಂಶ ಉಳಿಯದಂತೆ ಬಿಸಿನೀರಿನಲ್ಲಿ ಜಾಲಾಡಿಸಿ ಒಣಗಿಸಿ. ಅರ್ಧ ಲೀಟರ್ ನೀರನ್ನು ಕುದಿಸಿ ಇಳಿಸಿ, ಚಹಾಪುಡಿ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಶೋಧಿಸಿ ಸಕ್ಕರೆ ಕರಗಿಸಿ. ಉಳಿದ ನೀರನ್ನು ಕುದಿಸಿ ಆರಿಸಿ ಇದಕ್ಕೆ ಬೆರೆಸಿ. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಕುದಿಯುವಾಗ ಹಾರಿಹೋಗುತ್ತದೆ. ಈಗ ಅವಸರಪಡಬೇಡಿ. ಸುಡುವ ಹಾಲಿಗೆ ಹೆಪ್ಪು ಹಾಕಿದರೆ ಏನಾಗುತ್ತದೆಂಬುದು ನಿಮಗೆ ಗೊತ್ತೇ ಇದೆ. ಚಹಾ ಪೂರ್ತಿ ಆರಿ, ಪಾತ್ರೆ ಮುಟ್ಟಿದರೆ ಬಿಸಿಯೇ ತಿಳಿಯದಂತಾದ ಮೇಲೆ ಹುಳಿನೀರನ್ನು ಬೆರೆಸಿ, ಶುಭ್ರವಾದ ಕೈಯಿಂದ ಬಿಲ್ಲೆಯನ್ನು ಬಿಡಿ. ಅದು ತೇಲಲಿ, ಮುಳುಗಲಿ, ಚಿಂತೆಯಿಲ್ಲ.

ಭರಣಿಗೆ ಬಿಗಿಯಾದ ಮುಚ್ಚಳ ಬೇಡ. ಒಳಗಿನವರಿಗೆ ಗಾಳಿ ಬೇಕು. ಒತ್ತಾದ ನೇಯ್ಗೆಯ ಹತ್ತಿಬಟ್ಟೆಯನ್ನು ಮಡಿಸಿ ಬಾಯಿಗೆ ಕಟ್ಟಿ. ಜಾಳುಬಟ್ಟೆಯಾದರೆ ಹಣ್ಣಿನ ಸುತ್ತ ಹಾರುವ ಸಣ್ಣ ನೊಣಗಳು ನುಸುಳಿ ಮೊಟ್ಟೆಯಿಡುತ್ತವೆ. ಬಿಸಿಲು ಬೀಳದ, ಗಾಳಿಯಾಡುವ ಮೂಲೆಯಲ್ಲಿ, ಹಣ್ಣಿನ ಬುಟ್ಟಿಯಿಂದ ದೂರ ಇಡಿ. 22ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದಕ್ಕೆ ಹಿತ. ಮೈಸೂರು, ಬೆಂಗಳೂರುಗಳಲ್ಲಿ ವರ್ಷದ ಹೆಚ್ಚು ಕಾಲ ಇದು ತಾನಾಗಿ ಸಿಗುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಮನೆಯ ಅತ್ಯಂತ ತಂಪಾದ ಮೂಲೆಯನ್ನು ಹುಡುಕಬೇಕಾದೀತು. ಮಲೆನಾಡಿನ ಮಳೆಗಾಲದಲ್ಲಿ ಕೆಲಸ ನಿಧಾನ, ಬೂಷ್ಟಿನ ಭಯವೂ ಹೆಚ್ಚು.

ಮೊದಲೆರಡು ದಿನ ಏನೂ ನಡೆಯುತ್ತಿಲ್ಲವೆಂದು ತೋರುತ್ತದೆ. ಮೂರನೆಯ ನಾಲ್ಕನೆಯ ದಿನ ಹಾಲಿನ ಮೇಲೆ ಕೆನೆ ಕಟ್ಟುವಂತೆ ತೆಳುವಾದ ಪೊರೆ ಕಾಣುತ್ತದೆ, ಅಂಚಿನಲ್ಲಿ ಗುಳ್ಳೆಗಳೇಳುತ್ತವೆ. ಕೆಳಗೆ ಕಂದು ಎಳೆಗಳು ಜೋತಾಡಿದರೆ ಹೆದರಬೇಡಿ. ಅವು ಯೀಸ್ಟಿನ ಗುಂಪುಗಳು. ಐದನೆಯ ದಿನದಿಂದ ಶುಭ್ರವಾದ ಚಮಚದಲ್ಲಿ ಸ್ವಲ್ಪ ತೆಗೆದು ರುಚಿ ನೋಡಿ. ಸಿಹಿ ಹಿಂದೆ ಸರಿದು ಹುಳಿ ಮುಂದೆ ಬಂದಾಗ ಕೊಂಬುಚಾ ಸಿದ್ಧ. ಸಾಮಾನ್ಯವಾಗಿ ಏಳರಿಂದ ಹತ್ತು ದಿನ ಹಿಡಿಯುತ್ತದೆ.

ಹೊಸಬರು ನಾಲಿಗೆಯನ್ನೇ ನಂಬುವುದು ಸಾಲದು. ಹುಳಿಯನ್ನು ಅಳೆಯುವ ಪಿಎಚ್ ಕಾಗದದ ಪಟ್ಟಿಗಳು ಪ್ರಯೋಗಶಾಲೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ಸಿಗುತ್ತವೆ. ಶುದ್ಧ ನೀರಿನ ಪಿಎಚ್ 7. ಹುಳಿ ಹೆಚ್ಚಿದಷ್ಟೂ ಅಂಕೆ ಇಳಿಯುತ್ತದೆ. ಏಳು ದಿನಗಳೊಳಗೆ ಅದು 4.2ಕ್ಕಿಂತ ಕೆಳಗೆ ಬರಲೇಬೇಕು, ಬಾರದಿದ್ದರೆ ಚೆಲ್ಲಿಬಿಡಿ. 2.5ಕ್ಕಿಂತ ಕೆಳಗಿಳಿದದ್ದು ಕುಡಿಯಲು ತೀರ ಹುಳಿ. ಅದನ್ನು ಮುಂದಿನ ಹೆಪ್ಪಿಗೆ ಇಟ್ಟುಕೊಳ್ಳಬಹುದು.

ಬೂಷ್ಟನ್ನು ಗುರುತಿಸುವುದು ಹೇಗೆ? ಹೊಸ ಪೊರೆ ಒದ್ದೆಯಾಗಿ, ನುಣುಪಾಗಿ, ಕೆನೆಯ ಬಣ್ಣದಲ್ಲಿರುತ್ತದೆ. ಬೂಷ್ಟು ಒಣಗಿದಂತೆ, ಹತ್ತಿಯ ನಯದಂತೆ ಮೇಲ್ಭಾಗದಲ್ಲಿ ಬೆಳೆಯುತ್ತದೆ; ಬಿಳಿ, ಹಸಿರು, ನೀಲಿ ಅಥವಾ ಕಪ್ಪು ಬಣ್ಣವಿರಬಹುದು. ಉಪ್ಪಿನಕಾಯಿಯ ಮೇಲಿನ ಬೂಷ್ಟನ್ನು ತೆಗೆದುಹಾಕಿ ಉಳಿದದ್ದನ್ನು ಬಳಸುವ ಅಭ್ಯಾಸ ಕೆಲವರಿಗಿದೆ. ಇಲ್ಲಿ ಆ ಜಿಪುಣತನ ಸಲ್ಲದು. ಕೆಲವು ಬೂಷ್ಟುಗಳ ವಿಷ ದ್ರವದಲ್ಲೂ ಇಳಿದಿರುತ್ತದೆ. ಬಿಲ್ಲೆ, ನೀರು ಎಲ್ಲವನ್ನೂ ಎಸೆದು, ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು, ಬೇರೆ ಹೆಪ್ಪಿನಿಂದ ಮೊದಲಿನಿಂದ ಪ್ರಾರಂಭಿಸಿ.

ಸಿದ್ಧವಾದ ಕೊಂಬುಚಾದಲ್ಲಿ ಮೊಟ್ಟಮೊದಲು ಕಾಲು ಲೀಟರನ್ನು ಮುಂದಿನ ಸಲಕ್ಕೆ ಎತ್ತಿಡಿ. ಉಳಿದದ್ದನ್ನು ಶೋಧಿಸಿ ರೆಫ್ರಿಜರೇಟರಿನಲ್ಲಿಡಿ. ತಂಪಿನಲ್ಲಿ ಹುದುಗುವ ಕ್ರಿಯೆ ತೀರ ನಿಧಾನವಾಗುತ್ತದೆ. ಗುಳ್ಳೆ ಹೆಚ್ಚು ಬೇಕೆನ್ನುವವರು ಜಜ್ಜಿದ ಶುಂಠಿಯನ್ನೋ ಒಂದಿಷ್ಟು ಹಣ್ಣಿನ ರಸವನ್ನೋ ಹಾಕಿ, ಬಿರಡೆ ಮುಚ್ಚಿ ಒಂದೆರಡು ದಿನ ಹೊರಗಿಡುತ್ತಾರೆ. ಗೋಲಿಸೋಡಾದ ಸೀಸೆ ಏಕೆ ಅಷ್ಟು ದಪ್ಪ ಎಂದು ಎಂದಾದರೂ ಯೋಚಿಸಿದ್ದೀರಾ? ಒಳಗಿನ ಅನಿಲದ ಒತ್ತಡವನ್ನು ತಡೆಯಲು. ಕೊಂಬುಚಾಕ್ಕೂ ಅದೇ ನ್ಯಾಯ. ತೆಳುವಾದ, ಚೌಕಾಕಾರದ ಅಲಂಕಾರದ ಸೀಸೆಗಳು ಸಿಡಿದು ಗಾಯಮಾಡಬಲ್ಲವು. ದಪ್ಪ ಸೀಸೆಯಲ್ಲಿ, ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ತುಂಬಿ. ಎರಡು ದಿನಗಳಾಚೆ ಹೊರಗಿಡಬೇಡಿ. ತಂಪು ಮಾಡಿದ ಮೇಲೆಯೇ, ಮುಖವನ್ನು ದೂರವಿಟ್ಟು ತೆರೆಯಿರಿ.

ಕೊನೆಗೆ, ಇದರ ಗುಣದ ಮಾತು. ಸಕ್ಕರೆ ಕಾಯಿಲೆ, ಸಂಧಿವಾತ, ಕ್ಯಾನ್ಸರ್ ಎಲ್ಲಕ್ಕೂ ಇದು ಮದ್ದು ಎಂದು ಹೇಳುವವರಿದ್ದಾರೆ. ನಂಬಬೇಡಿ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಬಹಳ ಕಡಿಮೆ. 2023ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಸಕ್ಕರೆ ಕಾಯಿಲೆಯವರ ರಕ್ತದ ಸಕ್ಕರೆ ಇಳಿದಂತೆ ಕಂಡಿತು. ಆದರೆ ಅದರಲ್ಲಿ ಇದ್ದವರು ಕೇವಲ 12 ಮಂದಿ. ಅಷ್ಟರಿಂದ ಔಷಧ ಬಿಟ್ಟು ಭರಣಿ ಹಿಡಿಯುವುದು ಅವಿವೇಕ. ಭರಣಿಯಲ್ಲಿ ಸಕ್ಕರೆ ಪೂರ್ತಿ ಮುಗಿದುಹೋಗುವುದಿಲ್ಲ ಎಂಬುದೂ ನೆನಪಿರಲಿ.

1995ರಲ್ಲಿ ಅಮೆರಿಕದ ಅಯೋವ ಸಂಸ್ಥಾನದಲ್ಲಿ ಒಂದೇ ಮೂಲದ ಬಿಲ್ಲೆಯಿಂದ ಮಾಡಿದ ಕೊಂಬುಚಾವನ್ನು ಸುಮಾರು ಎರಡು ತಿಂಗಳು ದಿನವೂ ಕುಡಿದ ಇಬ್ಬರು ಮಹಿಳೆಯರು, ರಕ್ತದಲ್ಲಿ ಆಮ್ಲ ಏರಿ, ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಕೊಂಬುಚಾವೇ ಕಾರಣವೆಂದು ಸಿದ್ಧವಾಗಲಿಲ್ಲ. ಆರೋಗ್ಯವಂತರು ದಿನಕ್ಕೆ ನಾಲ್ಕು ಔನ್ಸ್, ಎಂದರೆ ಸುಮಾರು 120 ಮಿಲಿಲೀಟರ್ ಕುಡಿದರೆ ತೊಂದರೆಯಾಗಲಾರದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) ಆಗ ಹೇಳಿತು. ಒಂದು ಸಣ್ಣ ಲೋಟ. ಈ ಅಳತೆ ನಮಗೂ ಸಾಕು. ಗರ್ಭಿಣಿಯರು, ಎಳೆಯ ಮಕ್ಕಳು, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯವರು, ರೋಗನಿರೋಧ ಶಕ್ತಿ ಕುಂದಿದವರು ಇದನ್ನು ಕುಡಿಯಬಾರದು. ಮದ್ಯಸಾರ ಅಲ್ಪವಾದರೂ ಇರುತ್ತದೆ; ಮನೆಯಲ್ಲಿ ಮಾಡಿದ್ದರಲ್ಲಿ ಶೇಕಡಾ 1ನ್ನು ದಾಟುವುದೂ ಉಂಟು. ಅದನ್ನು ಪೂರ್ತಿ ವರ್ಜಿಸಿದವರು ತಿಳಿದಿರಬೇಕು. ಚಹಾದ ಕೆಫೀನೂ ಉಳಿದಿರುತ್ತದೆ. ರಾತ್ರಿ ಕುಡಿದು ನಿದ್ರೆ ಬರಲಿಲ್ಲವೆಂದು ದೂರಬಾರದು.

ಇಷ್ಟು ಎಚ್ಚರಿಕೆಗಳನ್ನು ಕೇಳಿ ಹಿಂಜರಿಯಬೇಕಾಗಿಲ್ಲ. ಹಾಲು ಕಾಯಿಸುವಾಗ, ಹಿಟ್ಟು ರುಬ್ಬುವಾಗ ನಾವು ಪಾಲಿಸುವ ಶುಚಿಯೇ ಇಲ್ಲಿಯೂ ಮುಖ್ಯ; ಜೊತೆಗೆ ಬೂಷ್ಟು ಕಂಡರೆ ಎಸೆಯುವ ಗಟ್ಟಿ ಮನಸ್ಸು ಬೇಕು. ನಿಮ್ಮ ಭರಣಿಯಲ್ಲಿ ಪ್ರತಿ ಸಲವೂ ಹೊಸ ಬಿಲ್ಲೆಯೊಂದು ಹುಟ್ಟುತ್ತದೆ. ಸ್ವಲ್ಪ ದಿನದಲ್ಲೇ ನೆರೆಮನೆಯವರು, ನೆಂಟರು ಬಂದು ಕೇಳುತ್ತಾರೆ. ಹೆಪ್ಪಿಗೆ ಮಜ್ಜಿಗೆ ಕೊಡುವಂತೆ ಸಂತೋಷದಿಂದ ಕೊಡಿ. ಆದರೆ ಬಿಲ್ಲೆಯನ್ನು ಒಣ ತಟ್ಟೆಯಲ್ಲಿಟ್ಟು ಕಳುಹಿಸಬೇಡಿ. ಅದರ ಹುಳಿನೀರನ್ನೂ ಒಂದು ದೊಡ್ಡ ಲೋಟದಷ್ಟು ಜೊತೆಗೆ ಕೊಟ್ಟು, ಅದನ್ನು ಚೆಲ್ಲಬಾರದೇಕೆ ಎಂಬುದನ್ನೂ ತಿಳಿಸಿ.