ಹೊಲ ಯಾರ ಕೈಗೆ ಹೋಗುತ್ತಿದೆ?



ಸಂಪತ್ತು ಶ್ರೀಮಂತರ ನಡುವೆಯೇ ಸುತ್ತುತ್ತಿರಬಾರದು ಎಂಬುದು ಪವಿತ್ರ ಕುರ್‌ಆನಿನ ಸೂರಃ ಅಲ್ ಹಶ್ರ್‌ನ 7ನೇ ವಚನದ ಆಶಯ. ಈ ಮಾತು ಬಂದಿರುವುದು ರಾಜ್ಯದ ಕೈಸೇರಿದ ಸೊತ್ತನ್ನು ಹಂಚುವ ಸಂದರ್ಭದಲ್ಲಿ. ಆದ್ದರಿಂದ ಆಳುವವರ ನೀತಿಯನ್ನು ಇದೇ ಅಳತೆಗೋಲಿನಿಂದ ನೋಡಬೇಕು.

ಹ. ಉಮರ್(ರ) ಸರಕಾರಿ ಹುಲ್ಲುಗಾವಲಿನ ಉಸ್ತುವಾರಿಗೆ ಕೊಟ್ಟ ಆದೇಶ ಸಹೀಹ್ ಬುಖಾರಿಯಲ್ಲಿದೆ. ನಾಲ್ಕಾರು ಕುರಿ, ಒಂಟೆ ಇರುವವನನ್ನು ಒಳಗೆ ಬಿಡಬೇಕು. ಉಸ್ಮಾನ್(ರ), ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಅವರಂಥ ಸಿರಿವಂತರ ಮಂದೆಯನ್ನು ಬಿಡಬಾರದು. ಅವರ ಜಾನುವಾರು ಸತ್ತರೂ ತೋಟ, ಹೊಲಗಳಿವೆ. ಬಡವನ ಮಂದೆ ಸತ್ತರೆ ಅವನು ಮಕ್ಕಳೊಂದಿಗೆ ಸರಕಾರದ ಬಾಗಿಲಿಗೇ ಬರಬೇಕು.

ನಮ್ಮ ರಾಜ್ಯದ 1974ರ ಭೂಸುಧಾರಣೆಯಲ್ಲೂ ಇದೇ ವಿವೇಕವಿತ್ತು. ದೇವರಾಜ ಅರಸು ಸರಕಾರದ ಕಾಲದಲ್ಲಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮೂಲಕ ಉಳುವ ಹೊಲಕ್ಕೆ ಒಡೆಯರಾದರು. ಅದೇ ಕಾಯ್ದೆಯ 79ಎ ಕಲಮು ಬೇರೆ ಮೂಲದಿಂದ ಹೆಚ್ಚು ಆದಾಯವಿದ್ದವರು ಕೃಷಿ ಜಮೀನು ಕೊಳ್ಳುವುದನ್ನು ತಡೆದಿತ್ತು. 2015ರಲ್ಲಿ ಆ ಮಿತಿ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಏರಿತು. 79ಬಿ ಕಲಮು ಕೃಷಿಕರಲ್ಲದವರನ್ನು ತಡೆದಿತ್ತು. 2020ರ ತಿದ್ದುಪಡಿ ಎರಡನ್ನೂ ತೆಗೆದುಹಾಕಿತು.

ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎನ್ನುತ್ತಾರೆ. ಸಿಗಬಹುದು. ಆದರೆ ಸಣ್ಣ ರೈತ ಹೊಲ ಮಾರುವುದು ಸಾಲ, ಆಸ್ಪತ್ರೆ, ಮದುವೆಯ ಒತ್ತಡದಲ್ಲಿ. ಕೊಳ್ಳುವ ಹಣವಂತನಿಗೆ ಅವಸರವಿಲ್ಲ. ಇಂಥ ಇಬ್ಬರ ನಡುವಿನ ವ್ಯಾಪಾರ ಸಮನಾದುದಲ್ಲ. ಹಾನಗಲ್ಲಿನ ಭತ್ತದ ಗದ್ದೆಯಿರಲಿ, ಹಿರೇಕೆರೂರಿನ ಗೋವಿನಜೋಳದ ಹೊಲವಿರಲಿ, ಶಿಗ್ಗಾಂವಿ, ಸವಣೂರಿನ ಎರೆಭೂಮಿಯಿರಲಿ, ಬಾಯಿಮಾತಿನ ಲಾವಣಿಗೆ ದುಡಿಯುವವನ ಹೆಸರು ಉತಾರದಲ್ಲಿ ಇರುವುದಿಲ್ಲ. ಹೊಲ ಕೈಬದಲಾದ ದಿನ ಅವನ ದುಡಿಮೆಯೂ ಹೋಯಿತು. ಪರಿಹಾರ ಕೇಳಲು ಕಾಗದವೂ ಇಲ್ಲ.

ಹಾಗಾದರೆ ನಾವೇನು ಮಾಡಬೇಕು? ಪಾಲುದಾರನಿಗೆ ಮೊದಲು ತಿಳಿಸದೆ ಜಮೀನು ಮಾರಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಇದೇ ಶುಫ್‌ಅ. ಮಾರಲೇಬೇಕಾದರೆ ಮೊದಲು ಅಣ್ಣತಮ್ಮಂದಿರನ್ನು, ಪಕ್ಕದ ಹೊಲದವನನ್ನು, ಲಾವಣಿಗೆ ಮಾಡುವವನನ್ನು ಕೇಳೋಣ. ಆಸ್ಪತ್ರೆ ಖರ್ಚಿಗೆ ಹೊಲ ಮಾರಲು ಹೊರಟವನಿಗೆ ಜಮಾಅತಿನ ಬೈತುಲ್‌ಮಾಲ್‌ನಿಂದ ಬಡ್ಡಿಯಿಲ್ಲದ ಸಾಲ ಸಿಗುವಂತಾಗಲಿ. ಮದುವೆಯ ದುಂದುವೆಚ್ಚವನ್ನು ನಾವೇ ನಿಲ್ಲಿಸೋಣ. ಈ ಕಾನೂನಿನ ಪ್ರಶ್ನೆಯನ್ನು ಊರಿನ ಎಲ್ಲ ಧರ್ಮದ ರೈತರ ಜೊತೆ ಸೇರಿ ಗ್ರಾಮಸಭೆಯಲ್ಲಿ, ಶಾಸಕರ ಮುಂದೆ ಎತ್ತೋಣ. ಹಸಿವಿಗೆ ಜಾತಿಯಿಲ್ಲ, ಹೊಲಕ್ಕೂ ಇಲ್ಲ.

ಅಲ್ಲಾಹನು ಆಳುವವರಿಗೆ ನ್ಯಾಯಪ್ರಜ್ಞೆಯನ್ನೂ ನಮಗೆ ಒಗ್ಗಟ್ಟನ್ನೂ ಕರುಣಿಸಲಿ. ಆಮೀನ್.